ಎಲೆ ಬಿಟ್ಟು ಎದ್ದವರು

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟ ನಮ್ಮ ಫುಟ್‌ಬಾಲ್ ಅಲ್ಲ ಎಂಬುದನ್ನು ಮೊದಲಿಗೇ ಹೇಳಿಬಿಡುವುದು ಒಳಿತು. ಇಲ್ಲದಿದ್ದರೆ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬಿಬ್ಬರಾದರೂ ಫೋನು ಮಾಡಿ, "ಏನ್ಸಾರ್, ಗೋಲಿನ ವಿಷಯವೇ ಬರಲಿಲ್ಲವಲ್ಲ" ಎಂದು ಕೇಳುವುದು ಖಂಡಿತ. ಹೆಸರಿಗೆ ಕಾಲ್ಚೆಂಡಾದರೂ ಆ ಆಟದಲ್ಲಿ ಕಾಲಿನಿಂದ ಒದೆಯುವ ಕೆಲಸ ಬಹಳ ಕಡಿಮೆ. ಚೆಂಡು ಕೂಡ ದುಂಡಗಿಲ್ಲ. ಸಿಪ್ಪೆ ಸುಲಿದು ಎರಡೂ ತುದಿಯನ್ನು ಚೂಪು ಮಾಡಿದ ತೆಂಗಿನಕಾಯಿಯಂತೆ ಇರುತ್ತದೆ. ಅದನ್ನು ಕಂಕುಳಲ್ಲಿ ಅವುಚಿಕೊಂಡು ಓಡಬೇಕು, ಇಲ್ಲವೇ ಮುಂದೆ ಓಡುತ್ತಿರುವ ಜೊತೆಗಾರನಿಗೆ ಎಸೆಯಬೇಕು. ಎದುರು ತಂಡದ ಹನ್ನೊಂದು ಮಂದಿ ಮೈಮೇಲೆ ಬಿದ್ದು ನೆಲಕ್ಕೆ ಕೆಡವುತ್ತಾರೆ. ಚೆಂಡು ಕೈಯಲ್ಲಿರುವ ತಂಡಕ್ಕೆ ನಾಲ್ಕು ಅವಕಾಶ. ಆ ನಾಲ್ಕರೊಳಗೆ ಹತ್ತು ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು. ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು. ನೂರು ಗಜದ ಅಂಗಳದ ಕೊನೆಯ ಗೆರೆಯನ್ನು ಚೆಂಡಿನೊಡನೆ ದಾಟಿದರೆ ಆರು ಅಂಕ. ನಮ್ಮ ಕಬಡ್ಡಿಯನ್ನು ಬಲ್ಲವರಿಗೆ ಇದು ಅರ್ಥವಾಗದ ಆಟವೇನಲ್ಲ. ಉಸಿರು ಕಟ್ಟಬೇಕಾಗಿಲ್ಲ ಎಂಬುದೊಂದೇ ಸುಖ, ಮೂಳೆ ಮುರಿಯುವುದು ಹೆಚ್ಚು ಎಂಬುದೊಂದು ದುಃಖ.

ಮಗಳ ಮನೆ ಇರುವುದು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ. ನಾನು ಮತ್ತು ನನ್ನ ಪತ್ನಿ ಎರಡು ಸಲ ಅಲ್ಲಿಗೆ ಹೋಗಿ ಬಂದಿದ್ದೇವೆ. ಬೆಳಿಗ್ಗೆ ಎಲ್ಲರೂ ಕೆಲಸಕ್ಕೆ, ಶಾಲೆಗೆ ಹೊರಟುಹೋದ ಮೇಲೆ ನಮ್ಮಂಥವರಿಗೆ ಅಲ್ಲಿ ಆಸರೆಯಾಗುವುದು ಸಾರ್ವಜನಿಕ ಗ್ರಂಥಾಲಯ. ಚಂದಾ ಇಲ್ಲ, ಜಾಮೀನು ಇಲ್ಲ, ಎಷ್ಟು ಹೊತ್ತು ಕೂತರೂ ಯಾರೂ ಏಳಿ ಎನ್ನುವುದಿಲ್ಲ. ಆ ರಾಜ್ಯದ ಚರಿತ್ರೆಯನ್ನು ಓದುತ್ತ ಕುಳಿತಿದ್ದಾಗ ಸಿಕ್ಕಿದ್ದು 1951ರ ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಕಥೆ. ಆ ಋತುವಿನಲ್ಲಿ ಆ ತಂಡ ಒಂಬತ್ತು ಪಂದ್ಯಗಳನ್ನು ಆಡಿ ಒಂಬತ್ತನ್ನೂ ಗೆದ್ದಿತು. ಬಳಿಕ ಅದಕ್ಕೆ ಅಂಟಿಕೊಂಡ ಬಿರುದನ್ನು ಕನ್ನಡದಲ್ಲಿ ಹೇಳುವುದಾದರೆ 'ಸೋಲಿಲ್ಲ, ಸಮವಿಲ್ಲ, ಕರೆಯೂ ಇಲ್ಲ' ಎನ್ನಬಹುದು. ಆ ಮೂರನೆಯ ಮಾತಿಗಾಗಿಯೇ ನಾನು ಇದನ್ನು ಬರೆಯುತ್ತಿದ್ದೇನೆ.

ವಿಶ್ವವಿದ್ಯಾಲಯ ಎಂದೊಡನೆ ಮಾನಸಗಂಗೋತ್ರಿಯಷ್ಟು ದೊಡ್ಡದನ್ನು ಕಲ್ಪಿಸಿಕೊಳ್ಳಬೇಡಿ. 1855ರಲ್ಲಿ ಜೆಸ್ಯೂಟ್ ಪಾದ್ರಿಗಳು ಆರಂಭಿಸಿದ ಶಾಲೆಯೊಂದು ಬೆಳೆದು ಅಂದಿಗೆ ಒಂದು ಸಣ್ಣ ಕಾಲೇಜಿನಂತಿತ್ತು. ನಮ್ಮ ಮಂಗಳೂರಿನ ಸೇಂಟ್ ಅಲೋಷಿಯಸ್ ಕಾಲೇಜನ್ನು ಸ್ಥಾಪಿಸಿದವರೂ ಅದೇ ಸಂಘದ ಪಾದ್ರಿಗಳು. ಗುಡ್ಡದ ಮೇಲೆ ಸೇಂಟ್ ಇಗ್ನೇಷಿಯಸ್ ಚರ್ಚಿನ ಅವಳಿ ಗೋಪುರಗಳು, ಪಕ್ಕದಲ್ಲಿ ತರಗತಿಗಳು, ಇಳಿದು ಸ್ವಲ್ಪ ದೂರ ನಡೆದರೆ ಗೋಲ್ಡನ್ ಗೇಟ್ ಉದ್ಯಾನ, ಅದರ ಅಂಚಿಗೆ ತಂಡ ಪಂದ್ಯಗಳನ್ನು ಆಡುತ್ತಿದ್ದ ಕೀಜಾರ್ ಕ್ರೀಡಾಂಗಣ. ತಂಡದ ಹೆಸರು 'ಡಾನ್ಸ್'. ಸ್ಪ್ಯಾನಿಷ್ ಭಾಷೆಯಲ್ಲಿ ಹಿರಿಯರ ಹೆಸರಿನ ಹಿಂದೆ ಸೇರಿಸುವ ಗೌರವಸೂಚಕ ಪದ ಅದು. ಹಿಂದಿ ಸಿನಿಮಾದ ಡಾನ್‌ಗೂ ಇದಕ್ಕೂ ಸಂಬಂಧ ಹುಡುಕುವುದು ಬೇಡ.

ತರಬೇತುದಾರ ಜೋ ಕುಹಾರಿಚ್ ಬಹಳ ಕಟ್ಟುನಿಟ್ಟಿನ ಮನುಷ್ಯ. ಋತು ಆರಂಭವಾಗುವ ಮುನ್ನ ಹುಡುಗರನ್ನು ಉತ್ತರ ಕ್ಯಾಲಿಫೋರ್ನಿಯಾದ ಕಾರ್ನಿಂಗ್ ಎಂಬ ಆಲಿವ್ ತೋಟಗಳ ಊರಿಗೆ ಕರೆದೊಯ್ದು, ಸುಡುಬಿಸಿಲಿನಲ್ಲಿ ಹಣ್ಣುಗಾಯಿ ನೀರುಗಾಯಿ ಮಾಡಿದ್ದನಂತೆ. ಸ್ಯಾನ್ ಫ್ರಾನ್ಸಿಸ್ಕೋ ಬೇಸಿಗೆಯಲ್ಲೂ ಮಂಜು ಕವಿಯುವ ಊರು. ಅಲ್ಲಿಯ ಹುಡುಗರಿಗೆ ಕಾರ್ನಿಂಗ್‌ನ ಬಿಸಿಲು ಎಂದರೆ ಮಡಿಕೇರಿಯವರನ್ನು ಮೇ ತಿಂಗಳಲ್ಲಿ ರಾಯಚೂರಿಗೆ ಕಳುಹಿಸಿದಂತೆ.

ಹುಡುಗರಾದರೂ ಎಂಥವರು! ಜೀನೋ ಮಾರ್ಕೆಟ್ಟಿ ಇಟಲಿಯಿಂದ ಬಂದವರ ಮಗ, ಎರಡನೆಯ ಮಹಾಯುದ್ಧದಲ್ಲಿ ಯುರೋಪಿನ ರಣರಂಗ ಕಂಡು ಬಂದಿದ್ದವನು. ಬಾಬ್ ಸೇಂಟ್ ಕ್ಲೇರ್ ಆರಡಿ ಒಂಬತ್ತಂಗುಲದ ಆಳು, ಹಸಿ ಮಾಂಸವನ್ನೇ ತಿನ್ನುತ್ತಿದ್ದ ಎಂಬುದಕ್ಕೆ ಪ್ರಸಿದ್ಧ. ಮುಂದೆ ವೃತ್ತಿಪರ ಆಟಗಾರನಾಗಿರುವಾಗಲೇ ಡೇಲಿ ಸಿಟಿ ಎಂಬ ಪಟ್ಟಣದ ಮೇಯರ್ ಕೂಡ ಆದ. ಎಡ್ ಬ್ರೌನ್ ಚೆಂಡನ್ನು ಹಂಚುವ ಮುಖ್ಯ ಸ್ಥಾನದಲ್ಲಿದ್ದ. ತಂಡದ ಪ್ರಚಾರದ ಕೆಲಸ ನೋಡಿಕೊಳ್ಳುತ್ತಿದ್ದ ತರುಣ ಪೀಟ್ ರೊಜೆಲ್ ಒಂಬತ್ತೇ ವರ್ಷಗಳಲ್ಲಿ ಇಡೀ ರಾಷ್ಟ್ರೀಯ ಫುಟ್‌ಬಾಲ್ ಲೀಗಿನ ಆಯುಕ್ತನಾಗಿ, 1960ರಿಂದ 1989ರವರೆಗೆ ಅದನ್ನು ಆಳಿದ.

ಇವರ ನಡುವೆ ಇಬ್ಬರು ಕಪ್ಪು ಜನಾಂಗದ ತರುಣರು: ಆಲಿ ಮ್ಯಾಟ್ಸನ್ ಮತ್ತು ಬರ್ಲ್ ಟೋಲರ್.

ಮ್ಯಾಟ್ಸನ್ ಟೆಕ್ಸಾಸ್‌ನಲ್ಲಿ ಹುಟ್ಟಿದವನು. ಟೋಲರ್ ಟೆನೆಸ್ಸಿಯ ಮೆಂಫಿಸ್ ನಗರದವನು. ಎರಡೂ ದಕ್ಷಿಣದ ರಾಜ್ಯಗಳು. ನಮ್ಮ ಶಾಲೆಗಳ ಸಮಾಜ ವಿಜ್ಞಾನದ ಪಾಠಗಳಲ್ಲಿ ಅಮೆರಿಕದ ಚರಿತ್ರೆ ಲಿಂಕನ್ ಗುಲಾಮರನ್ನು ಬಿಡುಗಡೆ ಮಾಡಿದ ಎಂಬಲ್ಲಿಗೆ ನಿಂತು, ಒಮ್ಮೆಲೇ ಹಾರಿ ಮಾರ್ಟಿನ್ ಲೂಥರ್ ಕಿಂಗ್ ಬಳಿ ಇಳಿಯುತ್ತಿತ್ತು. ನಡುವಿನ ನೂರು ವರ್ಷ ಏನು ನಡೆಯಿತು ಎಂದು ಯಾವ ಹುಡುಗನೂ ಕೇಳುತ್ತಿರಲಿಲ್ಲ, ಪರೀಕ್ಷೆಯಲ್ಲೂ ಬರುತ್ತಿರಲಿಲ್ಲ. ನಡೆದದ್ದು ಇಷ್ಟು: ಗುಲಾಮಗಿರಿ ಹೋಯಿತು, ಮೈಲಿಗೆ ಉಳಿಯಿತು. ದಕ್ಷಿಣದ ರಾಜ್ಯಗಳು 'ಜಿಮ್ ಕ್ರೋ' ಎಂದು ಹೆಸರಾದ ಕಾನೂನುಗಳನ್ನು ಮಾಡಿ ಶಾಲೆ, ರೈಲಿನ ಡಬ್ಬಿ, ಕುಡಿಯುವ ನೀರಿನ ನಲ್ಲಿ ಎಲ್ಲವನ್ನೂ ಎರಡಾಗಿ ಒಡೆದವು. ಶಾಲೆಗಳನ್ನು ಹೀಗೆ ಒಡೆಯುವುದು ಸಂವಿಧಾನಕ್ಕೆ ವಿರುದ್ಧ ಎಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 1954ರಲ್ಲಿ. ಎಂದರೆ ನಮ್ಮ ಸಂವಿಧಾನದ ಹದಿನೇಳನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸಿದ ಮೇಲೆ. ಅಂಬೇಡ್ಕರರು 1946ರಲ್ಲಿ ಅಮೆರಿಕದ ಕಪ್ಪು ಜನರ ನಾಯಕ ಡಬ್ಲ್ಯು. ಇ. ಬಿ. ಡುಬಾಯ್ಸ್ ಅವರಿಗೆ ಕಾಗದ ಬರೆದು, ಅಲ್ಲಿಯ ಕಪ್ಪು ಜನರು ವಿಶ್ವಸಂಸ್ಥೆಗೆ ಸಲ್ಲಿಸಿದ್ದ ಅಹವಾಲಿನ ಬಗ್ಗೆ ವಿಚಾರಿಸಿದ್ದರು. ಎರಡು ಕಡೆಯ ರೋಗವೂ ಒಂದೇ ಮನೆತನದ್ದು ಎಂದು ಅವರಿಗೆ ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ.

ಋತುವಿನ ಕಥೆಗೆ ಬರೋಣ. ಎಲ್ಲ ಒಂಬತ್ತು ಪಂದ್ಯಗಳನ್ನೂ ವಿವರಿಸಲು ಹೊರಟರೆ ನಾನೂ ದಣಿಯುತ್ತೇನೆ, ನೀವೂ ದಣಿಯುತ್ತೀರಿ. ಎದುರಾಳಿಗಳಲ್ಲಿ ಕೆಲವರು ದುರ್ಬಲರೇ ಆಗಿದ್ದರು. ದೊಡ್ಡ ಕಾಲೇಜುಗಳು ಈ ಸಣ್ಣ ಕಾಲೇಜಿನೊಡನೆ ಆಡಲು ಒಪ್ಪುತ್ತಿರಲಿಲ್ಲ. ಗೆದ್ದರೆ ಕೀರ್ತಿಯಿಲ್ಲ, ಸೋತರೆ ಮಾನವಿಲ್ಲ. ಹೀಗಾಗಿ ಸೇನಾ ಶಿಬಿರಗಳ ತಂಡಗಳೊಡನೆಯೂ ಆಡಿ ಲೆಕ್ಕ ತುಂಬಿಸಬೇಕಾಯಿತು. ಆದರೆ ಎರಡು ಪಂದ್ಯಗಳನ್ನು ಹೇಳಲೇಬೇಕು. ಒಂದು, ನ್ಯೂಯಾರ್ಕಿಗೆ ಹೋಗಿ ಫೋರ್ಡಮ್ ವಿಶ್ವವಿದ್ಯಾಲಯದೊಡನೆ ಆಡಿದ್ದು. ಪೂರ್ವ ತೀರದ ಪತ್ರಕರ್ತರು ಕಣ್ಣಾರೆ ಕಾಣದೆ ಪಶ್ಚಿಮದ ಸಣ್ಣ ಕಾಲೇಜೊಂದನ್ನು ನಂಬುವವರಲ್ಲ ಎಂಬುದು ರೊಜೆಲ್‌ಗೆ ಗೊತ್ತಿತ್ತು. ಆ ದಿನ ಮ್ಯಾಟ್ಸನ್, ಎದುರಾಳಿಗಳು ಒದ್ದು ಕಳಿಸಿದ ಚೆಂಡನ್ನು ತನ್ನ ತುದಿಯಲ್ಲಿ ಹಿಡಿದು, ಎರಡು ಸಲ ಇಡೀ ಅಂಗಳವನ್ನು ಸೀಳಿಕೊಂಡು ಓಡಿ ಅಂಕ ಗಳಿಸಿದ. ಒಂದು ಸಲ 94 ಗಜ, ಇನ್ನೊಂದು ಸಲ 90 ಗಜ. ಪಂದ್ಯ 32-26ರಲ್ಲಿ ಉಳಿಯಿತು. ಆ ಎರಡು ಓಟಗಳಿಲ್ಲದಿದ್ದರೆ ಇಂದು ಈ ತಂಡದ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ.

ಆ ಋತುವಿನಲ್ಲಿ ಮ್ಯಾಟ್ಸನ್ ಒಟ್ಟು 1,566 ಗಜ ಓಡಿದ. 21 ಬಾರಿ ಗೆರೆ ದಾಟಿದ. ಇಡೀ ದೇಶದ ಕಾಲೇಜುಗಳಲ್ಲಿ ಅಷ್ಟು ದೂರ ಓಡಿದವರು ಆ ವರ್ಷ ಬೇರೆ ಇರಲಿಲ್ಲ. ಮೀಟರಿನಲ್ಲಿ ಲೆಕ್ಕ ಹಾಕಿದರೆ ಒಂದೂವರೆ ಕಿಲೋಮೀಟರಿಗೂ ಸ್ವಲ್ಪ ಕಡಿಮೆಯೇ. "ಇಷ್ಟೇನಾ?" ಎಂದು ನನ್ನ ಮೊಮ್ಮಗಳು ಕೇಳಿದಳು. ಒಂದೊಂದು ಗಜಕ್ಕೂ ಹನ್ನೊಂದು ಮಂದಿ ಅಡ್ಡ ನಿಂತಿರುತ್ತಾರೆ ಪುಟ್ಟೀ, ನಮ್ಮೂರಿನ ಸಂತೆಯ ದಿನದ ಬಸ್ಸಿನಲ್ಲಿ ಹಿಂದಿನ ಬಾಗಿಲಿನಿಂದ ಮುಂದಿನ ಬಾಗಿಲಿಗೆ ಹೋಗುವುದನ್ನು ನೆನೆಸಿಕೋ ಎಂದೆ. ಅವಳಿಗೆ ಆ ಬಸ್ಸೂ ಗೊತ್ತಿಲ್ಲ.

ಇನ್ನೊಂದು ಪಂದ್ಯ ಸ್ಟಾಕ್ಟನ್ ನಗರದಲ್ಲಿ, ಕಾಲೇಜ್ ಆಫ್ ದಿ ಪೆಸಿಫಿಕ್ ವಿರುದ್ಧ. ಅದು ಬಲವಾದ ತಂಡ. ಗೆದ್ದವರಿಗೆ 'ಬೌಲ್' ಪಂದ್ಯದ ಕರೆ ಬರುತ್ತದೆ ಎಂದು ಎಲ್ಲರೂ ನಂಬಿದ್ದರು. ಈ ಬೌಲ್ ಎಂದರೇನು ಎಂದು ಹೇಳಬೇಕು. ಋತು ಮುಗಿದ ಮೇಲೆ, ಹೊಸ ವರ್ಷದ ಆಸುಪಾಸಿನಲ್ಲಿ, ಕೆಲವು ನಗರಗಳ ಸಮಿತಿಗಳು ತಮಗೆ ಬೇಕಾದ ಎರಡು ತಂಡಗಳನ್ನು ಆಹ್ವಾನಿಸಿ ಒಂದು ದೊಡ್ಡ ಪಂದ್ಯ ನಡೆಸುತ್ತಿದ್ದವು. ಬಟ್ಟಲಿನಾಕಾರದ ಕ್ರೀಡಾಂಗಣದಿಂದ ಆ ಹೆಸರು. ಅಂದು ಅದಕ್ಕೆ ಅರ್ಹತೆಯ ಲೆಕ್ಕಾಚಾರಕ್ಕಿಂತ ಸಮಿತಿಯ ಮರ್ಜಿಯೇ ಮುಖ್ಯ. ಮದುವೆಗೆ ಯಾರನ್ನು ಕರೆಯಬೇಕೆಂಬುದು ಮನೆಯವರ ಇಷ್ಟವಲ್ಲವೇ, ಹಾಗೆ. ಕರೆ ಬಂದರೆ ಕಾಲೇಜಿಗೆ ಹೆಸರು, ಜೊತೆಗೆ ಟಿಕೆಟ್ ಹಣದಲ್ಲಿ ದೊಡ್ಡ ಪಾಲು. ಫುಟ್‌ಬಾಲಿನಿಂದ ವರ್ಷವರ್ಷವೂ ನಷ್ಟ ಅನುಭವಿಸುತ್ತಿದ್ದ ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯಕ್ಕೆ ಆ ಹಣ ಬಹಳ ಅಗತ್ಯವಾಗಿತ್ತು. ಸ್ಟಾಕ್ಟನ್ನಿನಲ್ಲಿ ಡಾನ್ಸ್ 47-14ರಿಂದ ಗೆದ್ದರು. ಕೊನೆಯದಾಗಿ ರೋಸ್ ಬೌಲ್ ಕ್ರೀಡಾಂಗಣದಲ್ಲಿ ಲೊಯೋಲಾ ವಿರುದ್ಧ 20-2. ಋತು ಮುಗಿಯಿತು. ದೇಶದ ಪಟ್ಟಿಯಲ್ಲಿ ಹದಿನಾಲ್ಕನೆಯ ಸ್ಥಾನ.

ಆಗ ಬಂತು ಆ ಮಾತು. ಫ್ಲಾರಿಡಾದ ಮಯಾಮಿಯಲ್ಲಿ ನಡೆಯುವ ಆರೆಂಜ್ ಬೌಲ್‌ಗೆ ಬರಬಹುದು, ಆದರೆ ಮ್ಯಾಟ್ಸನ್ ಮತ್ತು ಟೋಲರ್ ಇಬ್ಬರನ್ನು ಮನೆಯಲ್ಲಿ ಬಿಟ್ಟು ಬರಬೇಕು.

ಇಂಥ ಮಾತನ್ನು ಯಾರೂ ಕಾಗದದ ಮೇಲೆ ಬರೆದು ಸಹಿ ಹಾಕಿ ಕಳುಹಿಸುವುದಿಲ್ಲ. ನಮ್ಮಲ್ಲೂ ಕಳುಹಿಸುವುದಿಲ್ಲ. ಎದುರಾಳಿಗಳು ದುರ್ಬಲರಾಗಿದ್ದರು, ಹಾಗಾಗಿ ಕರೆಯಲಿಲ್ಲ ಎಂಬ ವಾದವೂ ಇದೆ. ಅದರಲ್ಲಿ ಹುರುಳಿಲ್ಲದೆಯೂ ಇಲ್ಲ ಎಂದು ಮೇಲೆ ನಾನೇ ಒಪ್ಪಿದ್ದೇನೆ. ಆದರೆ ಆ ದಿನಗಳಲ್ಲೇ ಸ್ಯಾನ್ ಫ್ರಾನ್ಸಿಸ್ಕೋದ ಒಬ್ಬ ಕ್ರೀಡಾ ವ್ಯಾಖ್ಯಾನಕಾರ, ದಕ್ಷಿಣದ ಮೂರು ಬೌಲ್ ಸಮಿತಿಗಳು ಕಪ್ಪು ಆಟಗಾರರಿರುವ ತಂಡವನ್ನು ಕರೆಯಲು ಸಿದ್ಧವಿಲ್ಲವೆಂದು ವರದಿ ಮಾಡಿದ್ದ. ಮೇಲಾಗಿ ಆ ತಂಡದ ಆಟಗಾರರು ಐವತ್ತು ಅರವತ್ತು ವರ್ಷಗಳ ಕಾಲ, ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆಯವರ ಮುಂದೆ ಹೇಳಿದ್ದು ಒಂದೇ ಕಥೆ. ಸಾವಿರಾರು ಮಕ್ಕಳ ಸುಳ್ಳುಗಳನ್ನು ವಿಚಾರಿಸಿ ಅಭ್ಯಾಸವಿರುವ ನನಗೆ ಒಂದು ವಿಷಯ ಗೊತ್ತು. ಸುಳ್ಳು ಹೇಳುವ ಹತ್ತು ಹುಡುಗರು ಹತ್ತು ವರ್ಷ ಒಂದೇ ಕಥೆಗೆ ಅಂಟಿಕೊಂಡಿರಲಾರರು.

ಕುಹಾರಿಚ್ ಈ ವಿಷಯವನ್ನು ತಂಡದ ಮುಂದಿಟ್ಟಾಗ ಚರ್ಚೆ ನಡೆಯಲಿಲ್ಲ, ಮತದಾನ ನಡೆಯಲಿಲ್ಲ ಎಂದು ಮಾರ್ಕೆಟ್ಟಿ ಮುಂತಾದವರು ನೆನೆಸಿಕೊಂಡಿದ್ದಾರೆ. ಅವರಿಬ್ಬರಿಲ್ಲದೆ ನಾವು ಹೋಗುವುದಿಲ್ಲ ಎಂದರು, ಅಷ್ಟೇ. 1952ರ ಜನವರಿ 1ರಂದು ಆರೆಂಜ್ ಬೌಲ್‌ನಲ್ಲಿ ಜಾರ್ಜಿಯಾ ಟೆಕ್ ಮತ್ತು ಬೇಲರ್ ತಂಡಗಳು ಆಡಿದವು. ಸ್ಯಾನ್ ಫ್ರಾನ್ಸಿಸ್ಕೋದ ಹುಡುಗರು ಮನೆಯಲ್ಲಿದ್ದರು.

ನಮ್ಮ ಕನ್ನಡದಲ್ಲಿ ಇದಕ್ಕೆ ಒಂದು ಹಳೆಯ ಪದವಿದೆ: ಪಂಕ್ತಿಭೇದ. ಎಲ್ಲರಿಗೂ ಊಟವಿದೆ, ಎಲ್ಲರಿಗೂ ಎಲೆ ಇದೆ, ಆದರೆ ಇವರಿಬ್ಬರು ಮಾತ್ರ ಈ ಸಾಲಿನಲ್ಲಿ ಕೂಡುವುದು ಬೇಡ. ಕೂಡಬೇಡಿ ಎನಿಸಿಕೊಂಡವರು ಏಳುವುದು ಒಂದು. ಅವರೇನು ಮಾಡಿಯಾರು, ಏಳಲೇಬೇಕು. ಕೂಡಿರಿ ಎನಿಸಿಕೊಂಡವರೂ ಬಡಿಸಿದ ಎಲೆ ಬಿಟ್ಟು ಏಳುವುದು ಬೇರೆಯೇ ಒಂದು.

ಇದು ಸುಲಭವೆಂದು ತಿಳಿಯಬಾರದು. ಹತ್ತು ವರ್ಷ ಹಿಂದೆ, 1940ರ ಋತುವಿನಲ್ಲಿ, ಬಾಸ್ಟನ್ ಕಾಲೇಜಿನ ತಂಡವೂ ಅಜೇಯವಾಗಿತ್ತು. ಅದೂ ಜೆಸ್ಯೂಟ್ ಪಾದ್ರಿಗಳದೇ ಸಂಸ್ಥೆ. ಆ ತಂಡದಲ್ಲಿ ಲೂ ಮಾಂಟ್ಗೊಮರಿ ಎಂಬ ಒಬ್ಬನೇ ಕಪ್ಪು ಆಟಗಾರನಿದ್ದ. ಹಿಂದಿನ ವರ್ಷ ಕಾಟನ್ ಬೌಲ್‌ನಲ್ಲಿ ಅವನನ್ನು ಆಡಿಸಕೂಡದೆಂದರು, ಕಾಲೇಜು ಒಪ್ಪಿತು. 1941ರ ಜನವರಿ 1ರಂದು ನ್ಯೂ ಆರ್ಲಿಯನ್ಸಿನ ಶುಗರ್ ಬೌಲ್‌ನಲ್ಲಿಯೂ ಅದೇ ಷರತ್ತು. ಕಾಲೇಜು ಮತ್ತೆ ಒಪ್ಪಿತು. ಮಾಂಟ್ಗೊಮರಿಯನ್ನು ಹೊರಗಿಟ್ಟು ಆಡಿದ ತಂಡ ಟೆನೆಸ್ಸಿಯನ್ನು 19-13ರಿಂದ ಸೋಲಿಸಿತು. ಅವರ ದಾಖಲೆಯಲ್ಲಿ ಹನ್ನೊಂದು ಪಂದ್ಯ, ಹನ್ನೊಂದು ಗೆಲುವು. ಇವರಿಗಿಂತ ಎರಡು ಹೆಚ್ಚೇ. ಅಂದಿನ ವಾಡಿಕೆ ಅದೇ ಆಗಿತ್ತು. ಉತ್ತರದ ಎಷ್ಟೋ ಹೆಸರಾಂತ ಕಾಲೇಜುಗಳು ದಕ್ಷಿಣದವರೊಡನೆ ಆಡುವಾಗ ಸದ್ದಿಲ್ಲದೆ ಹಾಗೆ ಮಾಡುತ್ತಿದ್ದವು. ಇದಕ್ಕೆ ಇಟ್ಟ ಹೆಸರು 'ಸಭ್ಯರ ಒಪ್ಪಂದ'! ವಾಡಿಕೆಯನ್ನು ಮುರಿದವರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದವರು ಮೊದಲಿಗರೂ ಅಲ್ಲ. 1946ರಲ್ಲಿ ಪೆನ್ ಸ್ಟೇಟ್ ತಂಡದ ಹುಡುಗರು ತಮ್ಮ ಕಪ್ಪು ಸಹ ಆಟಗಾರರಿಲ್ಲದೆ ಮಯಾಮಿಗೆ ಹೋಗುವುದಿಲ್ಲವೆಂದು ಪಂದ್ಯವನ್ನೇ ಕೈಬಿಟ್ಟಿದ್ದರು. ಒಪ್ಪಿಕೊಂಡು ಆಡಿದರೆ ಏನಾಗುತ್ತಿತ್ತು ಎಂಬುದೂ ಆ 1951ರ ಅಕ್ಟೋಬರ್‌ನಲ್ಲೇ ಕಂಡಿತ್ತು. ಓಕ್ಲಹಾಮದಲ್ಲಿ ಡ್ರೇಕ್ ವಿಶ್ವವಿದ್ಯಾಲಯದ ಕಪ್ಪು ಆಟಗಾರ ಜಾನಿ ಬ್ರೈಟ್‌ನನ್ನು, ಅವನ ಬಳಿ ಚೆಂಡೂ ಇಲ್ಲದಾಗ, ಎದುರಾಳಿಯೊಬ್ಬ ಮುಖಕ್ಕೆ ಹೊಡೆದು ದವಡೆ ಮುರಿದ. ಅದನ್ನು ಸಾಲಾಗಿ ಸೆರೆಹಿಡಿದ ಛಾಯಾಚಿತ್ರಗಳಿಗೆ 1952ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು.

ಇಲ್ಲಿ ನಮ್ಮ ಕಡೆಯದೊಂದು ಸಂಗತಿಯನ್ನು ಹೇಳಬೇಕೆನಿಸುತ್ತದೆ. 1980ರ ದಶಕ, ನಾನು ಕೆಲಸಕ್ಕೆ ಸೇರಿದ ಹೊಸತು. ಖೋಖೋ ತಂಡವನ್ನು ಕರೆದುಕೊಂಡು ಇನ್ನೊಂದು ಊರಿಗೆ ಹೋಗಿದ್ದೆ. ರಾತ್ರಿಯ ಊಟ ಆ ಊರಿನ ಒಬ್ಬ ದೊಡ್ಡ ಮನುಷ್ಯರ ಮನೆಯಲ್ಲಿ. ಎಲೆ ಹಾಕಿ, ಉಪ್ಪು, ಪಲ್ಯ ಬಡಿಸಿಯೂ ಆಗಿತ್ತು. ಮನೆಯವರಲ್ಲಿ ಒಬ್ಬರು ಹುಡುಗರ ಹೆಸರು, ಅಪ್ಪನ ಹೆಸರು, ಕೇರಿಯ ಹೆಸರು ವಿಚಾರಿಸುತ್ತ ಬಂದು, ಇಬ್ಬರಿಗೆ ಮಾತ್ರ, "ನೀವು ಜಗುಲಿ ಮೇಲೆ ಕೂತ್ಕೊಳ್ರಪ್ಪ, ಅಲ್ಲಿಗೇ ಬಡಿಸ್ತಾರೆ" ಎಂದರು. ನಾನು ಬಾಯಿ ತೆರೆಯುವ ಮೊದಲೇ ತಂಡದ ನಾಯಕ ಎದ್ದು ನಿಂತು, "ಸಾರ್, ನಮಗ್ಯಾರಿಗೂ ಹಸಿವಿಲ್ಲ" ಎಂದ. ಒಂಬತ್ತನೆಯ ತರಗತಿಯ ಹುಡುಗ. ಮಧ್ಯಾಹ್ನದಿಂದ ಯಾರೂ ಏನೂ ತಿಂದಿರಲಿಲ್ಲ. ಉಳಿದವರೂ ಎದ್ದರು. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಉಳಿದಿದ್ದ ಬನ್ನು, ಬಾಳೆಹಣ್ಣು ಕೊಂಡು ನಾನೂ ಅವರೊಡನೆ ತಿಂದೆ. ಮರುದಿನ ಮೊದಲ ಪಂದ್ಯದಲ್ಲೇ ಸೋತು ಊರಿಗೆ ಬಂದೆವು. ಆ ಹುಡುಗನಿಗೆ ಈಗ ಐವತ್ತು ದಾಟಿದೆ. ಈ ಬರಹಗಳನ್ನು ಓದುತ್ತಾನೆಂದು ಬಲ್ಲೆ. ಹೆಸರು ಹೇಳುವುದಿಲ್ಲ, ಅವನಿಗೆ ಸಂಕೋಚ.

ಸ್ಯಾನ್ ಫ್ರಾನ್ಸಿಸ್ಕೋದ ಹುಡುಗರು ತೆತ್ತ ಬೆಲೆ ಒಂದು ಪಂದ್ಯಕ್ಕಿಂತ ದೊಡ್ಡದು. ಆ ಋತು ಮುಗಿದೊಡನೆ ವಿಶ್ವವಿದ್ಯಾಲಯ ತನ್ನ ಫುಟ್‌ಬಾಲ್ ತಂಡವನ್ನೇ ಮುಚ್ಚಿತು. ಬೌಲ್‌ನ ಹಣ ಬಂದಿದ್ದರೆ ತಂಡ ಉಳಿಯುತ್ತಿತ್ತು ಎಂದು ಹೇಳುವವರಿದ್ದಾರೆ. ನನಗೆ ಅಷ್ಟು ನಂಬಿಕೆಯಿಲ್ಲ. ಅದೇ ರಾಜ್ಯದ ಸೇಂಟ್ ಮೇರೀಸ್ ಕಾಲೇಜು 1950ರ ಋತುವಿನ ಬಳಿಕ, ಲೊಯೋಲಾ 1951ರ ಬಳಿಕ, ಸಾಂಟಾ ಕ್ಲಾರಾ 1952ರ ಬಳಿಕ ಫುಟ್‌ಬಾಲನ್ನು ಕೈಬಿಟ್ಟವು. 1950ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೃತ್ತಿಪರ ತಂಡ 'ಫಾರ್ಟಿನೈನರ್ಸ್' ರಾಷ್ಟ್ರೀಯ ಲೀಗಿಗೆ ಸೇರಿತ್ತು. ಅದೇ ಕೀಜಾರ್‌ನಲ್ಲಿ ಅವರ ಆಟವಿರುವಾಗ ಕಾಲೇಜು ಹುಡುಗರ ಆಟಕ್ಕೆ ಯಾರು ಕಾಸು ಕೊಡುತ್ತಾರೆ? ಕಾಲವೇ ಅವರ ವಿರುದ್ಧವಾಗಿತ್ತು. ಬೌಲ್‌ಗೆ ಹೋಗಿದ್ದರೆ ಒಂದೆರಡು ವರ್ಷ ಉಸಿರಾಡುತ್ತಿದ್ದರೇನೋ. ಆದರೆ ಇದೆಲ್ಲ ಇಂದು ಕುಳಿತು ಹೇಳುವ ಮಾತು. ಅಂದು ಆ ಹುಡುಗರಿಗೆ ಕಾಣುತ್ತಿದ್ದುದು ಒಂದೇ. ಹೋದರೆ ತಂಡ ಉಳಿದೀತು, ಹೋಗದಿದ್ದರೆ ಮುಳುಗೀತು. ಅದು ಗೊತ್ತಿದ್ದೇ ಅವರು ಬೇಡವೆಂದರು.

ತಂಡ ಹೋಯಿತು, ಆಟಗಾರರು ಹೋಗಲಿಲ್ಲ. ಕುಹಾರಿಚ್ 1952ರಲ್ಲಿ ವೃತ್ತಿಪರ ತಂಡವಾದ ಶಿಕಾಗೋ ಕಾರ್ಡಿನಲ್ಸ್‌ನ ತರಬೇತುದಾರನಾದ. ಆ ತಂಡ ತನ್ನ ಮೊದಲ ಆಯ್ಕೆಯಾಗಿ ಮ್ಯಾಟ್ಸನ್‌ನನ್ನೇ ಆರಿಸಿಕೊಂಡಿತು. ಅಲ್ಲಿ ಆಡುವ ಮುನ್ನ ಮ್ಯಾಟ್ಸನ್ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಹೋಗಿ 400 ಮೀಟರ್ ಓಟದಲ್ಲಿ ಕಂಚು, ರಿಲೇಯಲ್ಲಿ ಬೆಳ್ಳಿ ಗೆದ್ದು ಬಂದ. ನಮ್ಮ ಖಾಶಾಬಾ ಜಾಧವ್ ಕುಸ್ತಿಯಲ್ಲಿ ಕಂಚು ಗೆದ್ದು ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಪದಕ ತಂದದ್ದು ಅದೇ ಕೂಟದಲ್ಲಿ. 1959ರಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡ ಮ್ಯಾಟ್ಸನ್ ಒಬ್ಬನಿಗಾಗಿ ಒಂಬತ್ತು ಮಂದಿಯನ್ನು ಬಿಟ್ಟುಕೊಟ್ಟಿತು. ವೃತ್ತಿಪರ ಫುಟ್‌ಬಾಲಿನ ಕೀರ್ತಿಮಂದಿರಕ್ಕೆ ಮ್ಯಾಟ್ಸನ್ ಮತ್ತು ಮಾರ್ಕೆಟ್ಟಿ 1972ರಲ್ಲಿ, ಸೇಂಟ್ ಕ್ಲೇರ್ 1990ರಲ್ಲಿ ಸೇರಿದರು. ಒಂದೇ ಕಾಲೇಜಿನ ಒಂದೇ ವರ್ಷದ ತಂಡದಿಂದ ಮೂವರು! ರೊಜೆಲ್‌ನನ್ನೂ ಸೇರಿಸಿದರೆ ನಾಲ್ವರು.

ಆದರೆ ನನ್ನ ಮನಸ್ಸು ನಿಲ್ಲುವುದು ಅವರ ಬಳಿಯಲ್ಲ, ಬರ್ಲ್ ಟೋಲರ್ ಬಳಿ. ಇಲ್ಲಿಂದ ಮುಂದೆ 'ಟೋಲರ್ ಅವರು' ಎಂದೇ ಬರೆಯುತ್ತೇನೆ. ಹೆಡ್‌ಮಾಸ್ಟರನ್ನು ಏಕವಚನದಲ್ಲಿ ಕರೆದು ನನಗೆ ಅಭ್ಯಾಸವಿಲ್ಲ.

1952ರಲ್ಲಿ ಕಾಲೇಜು ತಾರೆಯರ ತಂಡಕ್ಕೂ ಲಾಸ್ ಏಂಜಲೀಸ್ ರ‍್ಯಾಮ್ಸ್‌ಗೂ ನಡೆದ ಪಂದ್ಯದಲ್ಲಿ ಟೋಲರ್ ಅವರ ಮಂಡಿ ಮುರಿದುಹೋಯಿತು. ವೃತ್ತಿಪರ ಆಟ ಅಲ್ಲಿಗೆ ಮುಗಿಯಿತು, ಆರಂಭವಾಗುವ ಮೊದಲೇ. ಜೊತೆಯ ಹುಡುಗರು ಒಬ್ಬೊಬ್ಬರಾಗಿ ಪತ್ರಿಕೆಗಳ ಮುಖಪುಟಕ್ಕೆ ಏರುತ್ತಿದ್ದಾಗ ಅವರು ಸ್ಯಾನ್ ಫ್ರಾನ್ಸಿಸ್ಕೋದ ಬೆಂಜಮಿನ್ ಫ್ರಾಂಕ್ಲಿನ್ ಮಾಧ್ಯಮಿಕ ಶಾಲೆಯಲ್ಲಿ ಗಣಿತದ ಮೇಷ್ಟ್ರಾದರು. ಅಲ್ಲೇ ಮುಂದೆ ಪ್ರಾಂಶುಪಾಲರಾದರು. ಆ ನಗರದ ಪ್ರೌಢ ಹಂತದ ಶಾಲೆಯೊಂದಕ್ಕೆ ಕಪ್ಪು ಜನಾಂಗದವರೊಬ್ಬರು ಮುಖ್ಯಸ್ಥರಾದದ್ದು ಅದೇ ಮೊದಲು. ಮಂಡಿ ಮುರಿದುಕೊಂಡ ಕ್ರೀಡಾಪಟು ಹುಡುಗರಿಗೆ ಬೀಜಗಣಿತ ಹೇಳಿಕೊಡುತ್ತ ಎಷ್ಟು ವರ್ಷ ಕಳೆದರು! ನನ್ನ ಸಹೋದ್ಯೋಗಿಗಳಲ್ಲಿ ಬೇರೇನೋ ಆಗಬೇಕೆಂದಿದ್ದು, ಆಗದೆ, ಮೇಷ್ಟ್ರಾಗಿ ಬಂದವರು ಬಹಳ ಮಂದಿಯಿದ್ದರು. ಕೆಲವರು ಆ ಕಹಿಯನ್ನು ಸೀಮೆಸುಣ್ಣದ ಜೊತೆಗೆ ದಿನವೂ ತರಗತಿಗೆ ತರುತ್ತಿದ್ದರು. ಟೋಲರ್ ಅವರ ಬಗ್ಗೆ ಓದಿದ್ದರಲ್ಲಿ ಎಲ್ಲಿಯೂ ಅಂಥ ಕಹಿ ನನಗೆ ಕಾಣಲಿಲ್ಲ.

ಆಟವನ್ನು ಅವರು ಬಿಡಲೂ ಇಲ್ಲ. ಆಡಲಾಗದಿದ್ದರೆ ತೀರ್ಪು ಕೊಡಬಹುದಲ್ಲ. ವಾರವೆಲ್ಲ ಶಾಲೆ, ಭಾನುವಾರ ಪಟ್ಟೆಪಟ್ಟೆ ಅಂಗಿ ತೊಟ್ಟು ಸೀಟಿ ಕಚ್ಚಿಕೊಂಡು ಮೈದಾನ. 1965ರಲ್ಲಿ ಅವರು ರಾಷ್ಟ್ರೀಯ ಫುಟ್‌ಬಾಲ್ ಲೀಗಿನ ತೀರ್ಪುಗಾರರಾದರು; ಆ ಹುದ್ದೆಗೆ ಬಂದ ಮೊದಲ ಕಪ್ಪು ಮನುಷ್ಯ. ಆಗ ಲೀಗಿನ ಆಯುಕ್ತನಾಗಿದ್ದವನು ಹಳೆಯ ಪ್ರಚಾರದ ಹುಡುಗ ರೊಜೆಲ್. 1980ರ ಜನವರಿಯಲ್ಲಿ ಅವರು ಸೂಪರ್ ಬೌಲ್‌ಗೆ ತೀರ್ಪುಗಾರರಾದರು. ಆ ದೇಶದಲ್ಲಿ ಅದಕ್ಕಿಂತ ದೊಡ್ಡ ಪಂದ್ಯವಿಲ್ಲ. ಅದು ನಡೆದದ್ದು ಪಸಡೀನಾದ ರೋಸ್ ಬೌಲ್ ಕ್ರೀಡಾಂಗಣದಲ್ಲಿ. 1951ರ ನವೆಂಬರ್‌ನಲ್ಲಿ ಡಾನ್ಸ್ ತಂಡ ಲೊಯೋಲಾವನ್ನು ಸೋಲಿಸಿ ತನ್ನ ಕೊನೆಯ ಪಂದ್ಯ ಮುಗಿಸಿದ್ದ ಹುಲ್ಲು ಅದೇ.

2006ರಲ್ಲಿ ವಿಶ್ವವಿದ್ಯಾಲಯ ಆ ತಂಡದವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಐವತ್ತೈದು ವರ್ಷ ತಡವಾಗಿ. ಅಷ್ಟರಲ್ಲಿ ಎಷ್ಟೋ ಜನ ತೀರಿಹೋಗಿದ್ದರು. ಟೋಲರ್ ಅವರು 2009ರಲ್ಲಿ, ಮ್ಯಾಟ್ಸನ್ 2011ರಲ್ಲಿ, ಸೇಂಟ್ ಕ್ಲೇರ್ 2015ರಲ್ಲಿ, ಮಾರ್ಕೆಟ್ಟಿ 2019ರಲ್ಲಿ ನಿಧನರಾದರು.

ಎರಡನೆಯ ಸಲ ಹೋಗಿದ್ದಾಗ ಅಳಿಯ ಒಂದು ಶನಿವಾರ ನಮ್ಮನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ಕರೆದೊಯ್ದಿದ್ದರು. ಎಲ್ಲರೂ ಸೇತುವೆ ನೋಡಲು ಹೊರಟರೆ ನಾನು ಗೀಯರಿ ಬೀದಿಯ ಕಡೆಗೆ ಹೋಗೋಣವೆಂದೆ. ಬೆಂಜಮಿನ್ ಫ್ರಾಂಕ್ಲಿನ್ ಶಾಲೆಯಿದ್ದ ಆವರಣಕ್ಕೆ ಈಗ ಬರ್ಲ್ ಟೋಲರ್ ಅವರ ಹೆಸರು ಇಟ್ಟಿದ್ದಾರೆ. ರಜೆಯ ದಿನ, ಗೇಟು ಮುಚ್ಚಿತ್ತು. "ಇಲ್ಲೇನಿದೆ ಮಾವ ನೋಡೋದಕ್ಕೆ, ಸ್ಕೂಲು ಅಷ್ಟೇ ಅಲ್ವಾ?" ಎಂದರು ಅಳಿಯ. ಹೌದು, ಸ್ಕೂಲು ಅಷ್ಟೇ ಎಂದೆ. ಐದು ನಿಮಿಷ ನಿಂತಿದ್ದು, ಗಾಳಿ ಬಹಳ ತಣ್ಣಗಿದ್ದುದರಿಂದ ಕಾರು ಹತ್ತಿ ಸೇತುವೆಯ ಕಡೆ ಹೊರಟೆವು.